ಒಂದೇ ಕೃತಿ, ಎಂಟು ಓದು: ‘45:33’ ರೀಮಿಕ್ಸ್ ಆಲ್ಬಮ್ ಕೇಳುವ ಬಗೆ

ರೀಮಿಕ್ಸ್ ಅಂದ ಕೂಡಲೇ ನಮ್ಮ ಕಡೆ ಕಣ್ಣಿಗೆ ಕಟ್ಟುವುದು ಗಣಪತಿ ಬಿಡುವ ಮೆರವಣಿಗೆ. ಟ್ರ್ಯಾಕ್ಟರ್ ಮೇಲೆ ಪೇರಿಸಿದ ಸ್ಪೀಕರ್‌ಗಳು, ಎಂಬತ್ತರ ದಶಕದ ಯಾವುದೋ ಸಿನಿಮಾ ಹಾಡು, ಅದರಡಿ ಎದೆ ನಡುಗಿಸುವ ಬೀಟ್. ಹಾಡು ಇದ್ದ ಹಾಗೇ ಇರುತ್ತದೆ, ತಾಳ ಮಾತ್ರ ಹೊಸದು. ಹಾಗಾಗಿ ರೀಮಿಕ್ಸ್ ಎಂದರೆ ಹಳೆಯ ಗೋಡೆಗೆ ಹೊಸ ಸುಣ್ಣ ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಅನೇಕ ವರ್ಷ ಹಾಗೇ ಅಂದುಕೊಂಡಿದ್ದೆ. ಆ ಅಭಿಪ್ರಾಯವನ್ನು ಬದಲಿಸಿದ್ದು 2009ರಲ್ಲಿ ಬಂದ ‘45:33 ರೀಮಿಕ್ಸಸ್’ ಎಂಬ ಆಲ್ಬಮ್.

ನ್ಯೂಯಾರ್ಕ್‌ನ ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡ 2006ರಲ್ಲಿ ‘45:33’ ಎಂಬ ಹೆಸರಿನಲ್ಲಿ ಸುಮಾರು ನಲವತ್ತಾರು ನಿಮಿಷ ನಿಲ್ಲದೆ ಸಾಗುವ ಒಂದೇ ಒಂದು ನೃತ್ಯಸಂಗೀತದ ಕೃತಿಯನ್ನು ಹೊರತಂದಿತು. ಮೂರು ವರ್ಷ ಕಳೆದ ಮೇಲೆ ಎಂಟು ಮಂದಿ, ಕೆಲವರು ಜೋಡಿಯಾಗಿ, ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ನಾಲ್ಕು ನಿಮಿಷದ ಹಾಡನ್ನು ರೀಮಿಕ್ಸ್ ಮಾಡುವುದಕ್ಕೂ ನಲವತ್ತಾರು ನಿಮಿಷದ ಕೃತಿಯನ್ನು ರೀಮಿಕ್ಸ್ ಮಾಡುವುದಕ್ಕೂ ಬಹಳ ಅಂತರವಿದೆ. ಆ ಅಂತರ ತಿಳಿಯಬೇಕಾದರೆ ಮೊದಲು ಸ್ಟುಡಿಯೋ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ಧ್ವನಿಮುದ್ರಣ ಮಾಡುವಾಗ ಎಲ್ಲ ದನಿಗಳನ್ನೂ ಒಟ್ಟಿಗೆ ಒಂದೇ ಪಟ್ಟಿಗೆ ಸುರಿಯುವುದಿಲ್ಲ. ಡ್ರಮ್ಮಿಗೆ ಒಂದು ಪಟ್ಟಿ, ತಗ್ಗು ಸ್ವರದ ಬೇಸ್‌ಗೆ ಒಂದು, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಸಿಂಥಸೈಜರ್‌ಗೆ (ಸಿಂಥ್‌ಗೆ) ಒಂದು, ಗಾಯನಕ್ಕೆ ಒಂದು. ಈ ಬಿಡಿ ಎಳೆಗಳನ್ನು ಹದವಾಗಿ ಸೇರಿಸಿ, ಯಾವುದು ಮುಂದೆ ಯಾವುದು ಹಿಂದೆ ಎಂದು ನಿರ್ಧರಿಸಿ ಹೆಣೆಯುವ ಕೆಲಸವೇ ಮಿಕ್ಸ್. ನಾವು ಕೊಂಡು ಕೇಳುವುದು ಆ ಹೆಣಿಗೆಯನ್ನು. ರೀಮಿಕ್ಸ್ ಮಾಡುವವರ ಕೈಗೆ ಬರುವುದು ಬಿಚ್ಚಿದ ಎಳೆಗಳು. ಅವರ ಭಾಷೆಯಲ್ಲಿ ಸ್ಟೆಮ್‌ಗಳು. ಎಳೆಗಳು ಸಿಗದೆ, ಮುಗಿದ ಹಾಡನ್ನೇ ಕತ್ತರಿಸಿ ಅಂಟಿಸಿ ಉದ್ದ ಮಾಡಿದರೆ ಅದನ್ನು ಎಡಿಟ್ ಎನ್ನುತ್ತಾರೆ. ನಮ್ಮ ಮೆರವಣಿಗೆಯ ರೀಮಿಕ್ಸ್‌ಗಳಲ್ಲಿ ಹೆಚ್ಚಿನವು ಈ ಎಡಿಟ್ ಜಾತಿಗೆ ಸೇರಿದವು. ಹಾಡು ಹೆಣೆದುಕೊಂಡೇ ಇರುವುದರಿಂದ ಮೇಲೆ ಬೀಟ್ ಹೇರುವುದನ್ನು ಬಿಟ್ಟು ಬೇರೆ ದಾರಿ ಕಡಿಮೆ.

ಎಳೆಗಳು ಬಿಡಿಬಿಡಿಯಾಗಿ ಸಿಕ್ಕರೆ ಏನು ಮಾಡಬಹುದು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ 120 ಪೆಟ್ಟು ಇರುವ ಹಾಡು ಎಂದಿಟ್ಟುಕೊಳ್ಳಿ. ನಾಲ್ಕು ಪೆಟ್ಟಿನ ಒಂದು ಆವರ್ತ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಪ್ರತಿ ಪೆಟ್ಟಿಗೂ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್, ಅಂದರೆ ಕಿಕ್ ಡ್ರಮ್, ಬೀಳುತ್ತಿದೆ, ಎರಡು ಪೆಟ್ಟುಗಳ ನಡುವೆ ಹೈ-ಹ್ಯಾಟ್ ಎಂಬ ಜೋಡಿ ತಾಳ ‘ಚ್’ ಎನ್ನುತ್ತಿದೆ, ಕೆಳಗೆ ಬೇಸ್ ಓಡಾಡುತ್ತಿದೆ. ಈಗ ಕಿಕ್ ತೆಗೆದುಬಿಡಿ. ಅಷ್ಟು ಹೊತ್ತು ಕಿಕ್‌ನ ಬೆನ್ನಿಗೆ ಅಂಟಿಕೊಂಡಿದ್ದ ಬೇಸ್ ಒಮ್ಮೆಲೇ ಬಯಲಿಗೆ ಬರುತ್ತದೆ. ಅದೊಂದು ರಾಗದ ಎಳೆ ಎಂದು ಆಗ ಹೊಳೆಯುತ್ತದೆ. ಬೇಸನ್ನು ಅರ್ಧ ಪೆಟ್ಟು ಹಿಂದಕ್ಕೆ ಸರಿಸಿದರೆ ಅದೇ ಹಾಡು ಬೇರೆ ನಡಿಗೆ ಹಿಡಿಯುತ್ತದೆ. ಹಿನ್ನೆಲೆಯಲ್ಲಿ ಎರಡೇ ಸೆಕೆಂಡು ಇಣುಕಿ ಹೋಗಿದ್ದ ಒಂದು ಕೀಬೋರ್ಡ್ ಸ್ವರವನ್ನು ಎತ್ತಿ, ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಸುತ್ತುವಂತೆ ಮಾಡಿ, ಎಂಟು ನಿಮಿಷ ಓಡಿಸಿದರೆ ಮೂಲದಲ್ಲಿ ಯಾರೂ ಗಮನಿಸದಿದ್ದ ದನಿ ಹೊಸ ಹಾಡಿನ ಪಲ್ಲವಿಯಾಗುತ್ತದೆ. ಸೇರಿಸುವಷ್ಟೇ ಕೆಲಸ ತೆಗೆಯುವುದರಲ್ಲೂ ಇದೆ. ಒಳ್ಳೆಯ ರೀಮಿಕ್ಸ್‌ಗಳಲ್ಲಿ ಹೆಚ್ಚಾಗಿ ನಡೆದಿರುವುದು ತೆಗೆಯುವ ಕೆಲಸವೇ.

ಈ ಕಲೆಗೆ ಎರಡು ತವರುಗಳಿವೆ. ಒಂದು ಜಮೈಕಾ. ಅಲ್ಲಿ ಧ್ವನಿ ತಂತ್ರಜ್ಞ ಕಿಂಗ್ ಟಬ್ಬಿಯಂಥವರು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲೇ ಹಾಡಿನಿಂದ ಗಾಯನವನ್ನು ಕಳಚಿ, ಉಳಿದ ಡ್ರಮ್ ಮತ್ತು ಬೇಸನ್ನು ಪ್ರತಿಧ್ವನಿಯಲ್ಲಿ ಅದ್ದಿ ಡಬ್ ಎಂಬ ಪ್ರಕಾರವನ್ನೇ ಕಟ್ಟಿದರು. ಇನ್ನೊಂದು ನ್ಯೂಯಾರ್ಕ್‌ನ ಡಿಸ್ಕೊ. ಟಾಮ್ ಮೌಲ್ಟನ್ ಎಂಬುವರು ಫೈರ್ ಐಲೆಂಡ್‌ನ ಬಾರ್‌ನಲ್ಲಿ ಕುಣಿಯುವವರನ್ನು ನೋಡುತ್ತಾ ಒಂದು ಸಂಗತಿ ಗಮನಿಸಿದರು. ಜನ ಮೈಮರೆಯುವ ಹೊತ್ತಿಗೆ ಸರಿಯಾಗಿ ಮೂರು ನಿಮಿಷದ ಹಾಡು ಮುಗಿದುಹೋಗುತ್ತಿತ್ತು. ಅದಕ್ಕಾಗಿ ಅವರು ಹಾಡುಗಳನ್ನು ಉದ್ದ ಮಾಡಿ, ಒಂದಕ್ಕೊಂದು ಬೆಸೆಯುವುದಕ್ಕೆ ಶುರು ಮಾಡಿದರು.

ಹನ್ನೆರಡು ಇಂಚಿನ ಸಿಂಗಲ್, ಅಂದರೆ ಇಡೀ ಆಲ್ಬಮ್ ಬದಲು ಒಂದು ಹಾಡಿಗೇ ಮೀಸಲಾದ ಗ್ರಾಮಫೋನ್ ತಟ್ಟೆ, ಹುಟ್ಟಿದ ಬಗೆಯನ್ನು ಇದೇ ಮೌಲ್ಟನ್ ಹೇಳಿಕೊಂಡಿದ್ದಾರೆ. ಪರೀಕ್ಷೆಗೆಂದು ತಟ್ಟೆ ಕೊರೆಸಲು ಹೋದ ದಿನ ಏಳು ಇಂಚಿನ ಖಾಲಿ ತಟ್ಟೆಗಳು ಮುಗಿದಿದ್ದವಂತೆ. ಇದ್ದದ್ದು ಹತ್ತು ಇಂಚಿನವು. ಅಷ್ಟು ಅಗಲದ ತಟ್ಟೆಯ ಅಂಚಿನಲ್ಲಿ ಸಣ್ಣ ಹಾಡು ಕೊರೆದರೆ ಚೆನ್ನಾಗಿ ಕಾಣದು ಎಂದು ಗೆರೆಗಳನ್ನು ಅಗಲವಾಗಿ ಹರಡಿ, ದನಿಯ ಮಟ್ಟ ಏರಿಸಿ ಕೊರೆಸಿದರು. ಕೇಳಿ ನೋಡಿದರೆ ಬೇಸ್‌ಗೆ ಹಿಂದೆಂದೂ ಇಲ್ಲದ ಮೈ ಬಂದಿತ್ತು. ಕಾರಣ ಸರಳ. ವಿನೈಲ್ ತಟ್ಟೆಯಲ್ಲಿ ದನಿ ಎಂದರೆ ಗೆರೆಯ ಓಲಾಟ. ತಗ್ಗು ಸ್ವರ ಆಳವಾದಷ್ಟೂ ಗೆರೆ ಅಗಲಕ್ಕೆ ಓಲಾಡಬೇಕು, ಅದಕ್ಕೆ ಜಾಗ ಬೇಕು. ಹೀಗೆ, ಹತ್ತು ಇಂಚಿಗಿಂತಲೂ ಹೆಚ್ಚು ಜಾಗವಿರುವ ಹನ್ನೆರಡು ಇಂಚಿನ ತಟ್ಟೆ ಡಿಜೆಗಳ ತಟ್ಟೆಯಾಯಿತು. 1976ರಲ್ಲಿ ಸಾಲ್ಸೋಲ್ ಕಂಪನಿ ಡಿಜೆ ವಾಲ್ಟರ್ ಗಿಬನ್ಸ್ ರೀಮಿಕ್ಸ್ ಮಾಡಿದ ‘ಟೆನ್ ಪರ್ಸೆಂಟ್’ ಹಾಡನ್ನು ಹನ್ನೆರಡು ಇಂಚಿನಲ್ಲಿ ಅಂಗಡಿಗೇ ಬಿಟ್ಟಿತು. ಸುಮಾರು ನಾಲ್ಕು ನಿಮಿಷದ ಹಾಡು ಅವರ ಕೈಯಲ್ಲಿ ಒಂಬತ್ತು ನಿಮಿಷ ದಾಟಿತ್ತು.

‘45:33’ ಎಂಬ ಹೆಸರು ಬಂದದ್ದೂ ಈ ತಟ್ಟೆಗಳ ಲೋಕದಿಂದ. ಮೊದಲ ನೋಟಕ್ಕೆ ಅದು ಕೃತಿಯ ಅವಧಿಯಂತೆ ಕಾಣುತ್ತದೆ, ನಲವತ್ತೈದು ನಿಮಿಷ ಮೂವತ್ತಮೂರು ಸೆಕೆಂಡು. ನಿಜವಾದ ಅವಧಿ ಅದಕ್ಕಿಂತ ಕೆಲವು ಸೆಕೆಂಡು ಹೆಚ್ಚು. 45 ಮತ್ತು 33 ಗ್ರಾಮಫೋನ್ ತಟ್ಟೆ ನಿಮಿಷಕ್ಕೆ ಸುತ್ತುವ ಎರಡು ವೇಗಗಳು. 33ರಲ್ಲಿ ಹೆಚ್ಚು ಹೊತ್ತು ಹಿಡಿಸುತ್ತದೆ, ಅದಕ್ಕೇ ಪೂರ್ಣ ಆಲ್ಬಮ್‌ಗಳು ಆ ವೇಗದಲ್ಲಿ. 45ರಲ್ಲಿ ಹೊತ್ತು ಕಡಿಮೆ, ದನಿ ಗಟ್ಟಿ ಮತ್ತು ಸ್ವಚ್ಛ, ಅದಕ್ಕೇ ಡಿಜೆಗಳ ಎಷ್ಟೋ ತಟ್ಟೆಗಳು ಆ ವೇಗದಲ್ಲಿ. ಮನೆಯಲ್ಲಿ ಕೂತು ಕೇಳುವ ಸಂಗೀತ, ಕುಣಿಯುವ ಸಂಗೀತ, ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ ಹಾಗಾಯಿತು.

ಹೆಸರಿನ ಈ ಶ್ಲೇಷೆಗೂ ಒಬ್ಬ ಹಿರಿಯನಿದ್ದಾನೆ. 1981ರ ಡಿಸೆಂಬರ್ 12ರಂದು ಬರ್ಲಿನ್‌ನಲ್ಲಿ ಮ್ಯಾನುಯೆಲ್ ಗಟ್ಷಿಂಗ್ ತಮ್ಮ ಸ್ಟುಡಿಯೋದಲ್ಲಿ ಒಬ್ಬರೇ ಕೂತು, ಒಂದೇ ಉಸಿರಿಗೆ, ಸುಮಾರು ಒಂದು ಗಂಟೆಯ ಸಂಗೀತ ನುಡಿಸಿ ಮುದ್ರಿಸಿಕೊಂಡರು. ಹ್ಯಾಂಬರ್ಗ್‌ಗೆ ವಿಮಾನದಲ್ಲಿ ಹೋಗುವಾಗ ಕೇಳಿಕೊಳ್ಳಲು ಏನಾದರೂ ಬೇಕಿತ್ತು, ಅಷ್ಟಕ್ಕೆ. ಎರಡೇ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳು, ಉದ್ದಕ್ಕೂ ತೂಗುತ್ತವೆ. ಅವುಗಳ ಮೇಲೆ ದನಿಗಳು ಬರುತ್ತವೆ, ಸರಿಯುತ್ತವೆ. ದ್ವಿತೀಯಾರ್ಧದಲ್ಲಿ ಗಿಟಾರ್ ಕೈಗೆತ್ತಿಕೊಳ್ಳುತ್ತಾರೆ. 1984ರಲ್ಲಿ ಅದು ‘ಇ2-ಇ4’ ಎಂಬ ಹೆಸರಿನಲ್ಲಿ, ಚದುರಂಗದ ಮನೆಗಳ ಮುಖಪುಟ ಹೊತ್ತು ಹೊರಬಂತು. ಇ2-ಇ4 ಚದುರಂಗದಲ್ಲಿ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ಮುಂದೂಡುವ ಮೊದಲ ನಡೆ. ಗಿಟಾರ್‌ನ ಅತಿ ತಗ್ಗು ತಂತಿಯ ಸ್ವರ ಇ2, ಅತಿ ಮೇಲಿನ ತಂತಿಯದು ಇ4. ಒಂದೇ ಹೆಸರಿನಲ್ಲಿ ಆಟವೂ ವಾದ್ಯವೂ.

ಕುಣಿಯುವುದಕ್ಕೆಂದು ಮಾಡಿದ ಸಂಗೀತ ಅದಾಗಿರಲಿಲ್ಲ. ಆದರೂ ನ್ಯೂಯಾರ್ಕ್‌ನ ಪ್ಯಾರಡೈಸ್ ಗರಾಜ್ ಕ್ಲಬ್‌ನಲ್ಲಿ ಡಿಜೆ ಲ್ಯಾರಿ ಲೆವನ್ ಅದನ್ನು ಹಾಕಿದರು, ಜನ ಕುಣಿದರು. 1989ರಲ್ಲಿ ಇಟಲಿಯ ತಂಡವೊಂದು ಅದೇ ತೂಗುವ ಕಾರ್ಡ್‌ಗಳ ಮೇಲೆ ‘ಸುಯೆನ್ಯೊ ಲಟಿನೊ’ ಎಂಬ ಹಾಡು ಕಟ್ಟಿತು. ಅದನ್ನು ಡೆಟ್ರಾಯಿಟ್‌ನ ಡೆರಿಕ್ ಮೇ ಮತ್ತೆ ರೀಮಿಕ್ಸ್ ಮಾಡಿದರು. 1994ರಲ್ಲಿ ಅದೇ ಡೆಟ್ರಾಯಿಟ್‌ನ ಕಾರ್ಲ್ ಕ್ರೇಗ್ ‘ರೀಮೇಕ್’ ಎಂದೇ ಹೆಸರಿಟ್ಟು ತಮ್ಮ ಆವೃತ್ತಿ ತಂದರು. ಅದನ್ನು ಬರ್ಲಿನ್‌ನ ಬೇಸಿಕ್ ಚಾನೆಲ್ ಜೋಡಿ ಇನ್ನಷ್ಟು ತೆಳುವಾಗಿಸಿ ಡಬ್‌ನಂತೆ ಮಾಡಿತು. ಬರ್ಲಿನ್‌ನಲ್ಲಿ ಹುಟ್ಟಿದ ಸಂಗೀತ ಇಟಲಿ, ಡೆಟ್ರಾಯಿಟ್ ಸುತ್ತಿ ತವರಿಗೆ ಮರಳುವಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು. ಬೇರೆ ಬೇರೆ ಕೈಗಳಲ್ಲಿ ಮತ್ತೆ ಮತ್ತೆ ಹುಟ್ಟುವ ಶಕ್ತಿ ದೀರ್ಘ ಕೃತಿಗೆ ಇರುತ್ತದೆ ಎಂದು ತೋರಿಸಿಕೊಟ್ಟದ್ದು ಇದೇ. ಸಂಗೀತದ ಚರಿತ್ರೆಯಲ್ಲಿ ನನಗೆ ತೀರಾ ಪ್ರಿಯವಾದ ಪ್ರಯಾಣಗಳಲ್ಲಿ ಇದೊಂದು.

ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡವನ್ನು ಕಟ್ಟಿದ ಜೇಮ್ಸ್ ಮರ್ಫಿ ಈ ಸಾಲಿಗೆ ಬೇಕೆಂದೇ ಬಂದು ನಿಂತವರು. ನೈಕಿ ಕಂಪನಿ ಓಡುವವರಿಗಾಗಿ ದೀರ್ಘ ಸಂಗೀತದ ಒಂದು ಸರಣಿಯನ್ನು ಐಟ್ಯೂನ್ಸ್‌ನಲ್ಲಿ ತರುತ್ತಿತ್ತು, ಅದಕ್ಕಾಗಿ ಅವರನ್ನು ಕೇಳಿತು. ಓಡುತ್ತಾ ಓಡುತ್ತಾ ಪರೀಕ್ಷಿಸಿ ಮಾಡಿದ ಸಂಗೀತ ಇದು ಎಂದು ಆಗ ಅವರು ಹೇಳಿದ್ದರು. ಆ ಮಾತು ನಿಜವಲ್ಲ, ‘ಇ2-ಇ4’ರಂಥ ಉದ್ದನೆಯ ಕೃತಿ ಮಾಡುವ ಆಸೆಗೆ ಅದೊಂದು ಅವಕಾಶವಾಗಿತ್ತು ಎಂದು ಆಮೇಲೆ ಒಪ್ಪಿಕೊಂಡರು. 2007ರಲ್ಲಿ ಅದು ತಟ್ಟೆಯಾಗಿ ಬಂದಾಗ ಮುಖಪುಟವೇ ಗಟ್ಷಿಂಗ್‌ಗೆ ಸಲ್ಲಿಸಿದ ನಮಸ್ಕಾರವಾಗಿತ್ತು. ‘ಇ2-ಇ4’ರ ಮುಖಪುಟದ ಮಾದರಿಯಲ್ಲೇ ಅದನ್ನು ಮಾಡಿಸಿದ್ದರು.

ಹಾಗೆಂದು ಓಟದ ಆಕಾರ ಅದರಲ್ಲಿ ಇಲ್ಲವೆನ್ನುವಂತಿಲ್ಲ. ಮೈ ಬಿಸಿಯಾಗುವ ಹಾಗೆ ನಿಧಾನಕ್ಕೆ ಶುರುವಾಗಿ, ನಡುವೆ ಕಾವು ಏರಿ, ಕೊನೆಯಲ್ಲಿ ಬೆವರು ಆರುವ ಹಾಗೆ ಇಳಿಯುತ್ತದೆ. ಆರು ಭಾಗಗಳಾಗಿ ಬಿಡಿಸಿ ನೋಡಬಹುದು. ಒಂದರೊಳಗೆ ಇನ್ನೊಂದು ಕರಗುವುದರಿಂದ ಗಡಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಮೊದಲ ಭಾಗಗಳಲ್ಲಿ ಗಾಯಕ ರೆಜಿ ವಾಟ್ಸ್ ಅವರ ಹಳೆಯ ಡಿಸ್ಕೊ ಕಾಲದ ನೆನಪು ತರುವ ದನಿ. ಮುಂದೆ ತುತ್ತೂರಿಗಳು, ಇನ್ನೂ ಮುಂದೆ ಸಿಂಥ್‌ಗಳ ತೆರೆ.

ಮೂರನೆಯ ಭಾಗದ ಬಳಿ ಒಂದಿಷ್ಟು ನಿಲ್ಲಬೇಕು. ಮೂಲದಲ್ಲಿ ಅದು ಮಾತಿಲ್ಲದ ಸಂಗೀತ, ಓಡುವವನ ಉಸಿರಿಗೆ ಜೊತೆಯಾಗಿ ಮಿಡಿಯುವಂಥದ್ದು. ಕೆಲವೇ ತಿಂಗಳಲ್ಲಿ, 2007ರ ‘ಸೌಂಡ್ ಆಫ್ ಸಿಲ್ವರ್’ ಆಲ್ಬಮ್‌ನಲ್ಲಿ, ಮರ್ಫಿ ಅದೇ ಸಂಗೀತಕ್ಕೆ ಮಾತು ಕೂಡಿಸಿ ‘ಸಮ್‌ಒನ್ ಗ್ರೇಟ್’ ಎಂಬ ಹಾಡು ಮಾಡಿದರು. ಅದು ಸಾವಿನ ಹಾಡು. ಹತ್ತಿರದ ಒಬ್ಬರು ತೀರಿಕೊಂಡ ಸುದ್ದಿ ಬಂದ ಬೆಳಗ್ಗೆಯೂ ಜಗತ್ತು ಎಂದಿನಂತೆ ನಡೆಯುತ್ತಲೇ ಇರುವ ಆಘಾತದ ಹಾಡು. ಬೀಟ್ ಬದಲಾಗಲಿಲ್ಲ, ಸಿಂಥ್‌ನ ಮಿಡಿತವೂ ಬದಲಾಗಲಿಲ್ಲ. ಮಾತು ಬಂದು ಕೂತದ್ದೇ ತಡ, ಓಟದ ಮಿಡಿತ ನಿಲ್ಲಲೊಲ್ಲದ ದಿನಚರಿಯ ಮಿಡಿತವಾಯಿತು. ಮೊದಲು ಹಾಡು ಕೇಳಿ ಆಮೇಲೆ ‘45:33’ಕ್ಕೆ ಬಂದವರಿಗೆ ಆ ಭಾಗದಲ್ಲಿ ಬಾರದ ದನಿಗಾಗಿ ಕಿವಿ ಕಾಯುತ್ತದೆ. ಹೊರಗಿನ ರೀಮಿಕ್ಸ್‌ಗಾರರು ಕೈಹಾಕುವ ಮೊದಲೇ ಕೃತಿಕಾರರೇ ತಮ್ಮ ಕೃತಿಯನ್ನು ಒಮ್ಮೆ ಮರುಓದಿದ್ದರು.

ಇನ್ನು ರೀಮಿಕ್ಸ್‌ಗಾರರ ಎದುರಿದ್ದ ತೊಡಕು. ನಿಮಿಷಕ್ಕೆ 120 ಪೆಟ್ಟಿನ ಲೆಕ್ಕ ಹಿಡಿದರೆ ನಲವತ್ತಾರು ನಿಮಿಷದಲ್ಲಿ 1,380 ಆವರ್ತಗಳು. ನಾಲ್ಕು ನಿಮಿಷದ ಹಾಡಿನಲ್ಲಿ 120. ಸಣ್ಣ ಹಾಡಾದರೆ ಎಲ್ಲಿ ಕೈಹಾಕಬೇಕು ಎಂಬ ಗೊಂದಲವಿಲ್ಲ. ಪಲ್ಲವಿ ಇದೆ, ಚರಣ ಇದೆ, ಜನ ಗುನುಗುವ ಸಾಲೊಂದಿದೆ, ಅದನ್ನು ಉಳಿಸಿಕೊಂಡು ಉಳಿದದ್ದನ್ನು ಬದಲಿಸಬಹುದು. ದೀರ್ಘ ಕೃತಿಯಲ್ಲಿ ಅಂಥ ಒಂದು ಸಾಲು ಇಲ್ಲ. ಅದರ ಜೀವ ಇರುವುದು ಏರಿಳಿತದಲ್ಲಿ, ಕಾಯಿಸುವುದರಲ್ಲಿ, ಒಂದು ದನಿ ಕರಗಿ ಇನ್ನೊಂದಾಗುವ ನಿಧಾನದಲ್ಲಿ. ಅದನ್ನು ಹತ್ತು ನಿಮಿಷಕ್ಕೆ ತರುವುದೆಂದರೆ ಹೇಗೆ? ಚಿಕ್ಕದಾಗಿ ಸಾರಾಂಶ ಮಾಡಿದರೆ ಜೀವ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ಮೊದಲು ಒಂದು ಕಿಟಕಿ ಆರಿಸಿಕೊಳ್ಳಬೇಕಾಯಿತು. ಇಡೀ ಮನೆ ಬಿಟ್ಟು, ಒಂದು ಕಿಟಕಿಯಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಹಿಗ್ಗಿಸುವುದು.

ಕರ್ನಾಟಕ ಸಂಗೀತದ ನೆರವಲ್ ಕೇಳಿ ಗೊತ್ತಿರುವವರಿಗೆ ಇದು ಹೊಸದೆನಿಸದು. ಇಡೀ ಕೀರ್ತನೆ ಮುಂದಿದ್ದರೂ ಗಾಯಕರು ಒಂದೇ ಸಾಲನ್ನು ಆರಿಸಿಕೊಂಡು, ಪದಗಳನ್ನು ಅವುಗಳ ತಾಳದ ಜಾಗದಲ್ಲೇ ಇಟ್ಟು, ಹತ್ತು ನಿಮಿಷ ಅದರೊಳಗೇ ಸುತ್ತಾಡುತ್ತಾರೆ. ಯಾವ ಸಾಲು ಆರಿಸಿದರು ಎನ್ನುವುದರಲ್ಲೇ ಅವರ ಮನೋಧರ್ಮ ತಿಳಿಯುತ್ತದೆ. ಒಂದು ದೊಡ್ಡ ಅಂತರ ಮಾತ್ರ ಇದೆ. ನೆರವಲ್ ಹಾಡುವವರು ಸಾಲನ್ನು ತಮ್ಮ ದನಿಯಲ್ಲಿ ಹಾಡುತ್ತಾರೆ. ರೀಮಿಕ್ಸ್‌ನವರು ಮುಟ್ಟುವುದು ಇನ್ನೊಬ್ಬರು ನುಡಿಸಿ ಮುದ್ರಿಸಿಟ್ಟ ಆ ದನಿಯನ್ನೇ.

ಎಂಟು ಮಂದಿಯ ಆಯ್ಕೆಯಲ್ಲೇ ಒಂದು ಭೂಪಟವಿದೆ. ನ್ಯೂಯಾರ್ಕ್‌ನ ರನ್‌ಅವೇ ಜೋಡಿ ಮತ್ತು ಪ್ರಿನ್ಸ್ ಲ್ಯಾಂಗ್ವೇಜ್ ಮೂಲದ ಊರಿನವರೇ. ಅಲ್ಲಿನ ಡಿಸ್ಕೊ ಪರಂಪರೆ ಅವರ ಕೈಯಲ್ಲೇ ಇದೆ. ಮ್ಯಾಂಚೆಸ್ಟರ್‌ನ ಟ್ರಸ್‌ಮಿ ಹಳೆಯ ಸೋಲ್ ಮತ್ತು ಫಂಕ್ ದನಿಗಳನ್ನು ಹೌಸ್ ಎಂಬ ಕ್ಲಬ್ ನೃತ್ಯಸಂಗೀತದ ನಿಧಾನ ರೂಪಕ್ಕೆ ಇಳಿಸಿ ಹೆಸರಾದವರು. ಲಂಡನ್‌ನ ಪ್ಯಾಡೆಡ್ ಸೆಲ್, ಕಲೋನ್‌ನ ರೈಲಿ ರೈನ್‌ಹೋಲ್ಡ್ ಇನ್ನಿಬ್ಬರು. ಕೆಲವೇ ದನಿಗಳಲ್ಲಿ ಕಟ್ಟುವ ನೃತ್ಯಸಂಗೀತವಾದ ಮಿನಿಮಲ್ ಟೆಕ್ನೋದ ಜರ್ಮನ್ ಲೋಕಕ್ಕೆ ಸೇರಿದ ರೈನ್‌ಹೋಲ್ಡ್‌ಗೆ ಈ ಕೃತಿ ಸಿಕ್ಕದ್ದರಲ್ಲಿ ಒಂದು ನ್ಯಾಯವಿದೆ; ಗಟ್ಷಿಂಗ್ ಹಚ್ಚಿದ ದೀಪ ನ್ಯೂಯಾರ್ಕ್ ಸುತ್ತಿ ಮತ್ತೆ ಜರ್ಮನಿಗೆ ಬಂದಂತಾಯಿತು. ಫ್ರಾನ್ಸ್‌ನ ಪಿಲೂಸ್ಕಿ ಎಡಿಟ್ ಕಲೆಯಲ್ಲಿ ಪಳಗಿದವರು. ಅರವತ್ತರ ದಶಕದ ಒಂದು ಅಮೆರಿಕನ್ ಹಾಡನ್ನು ಕತ್ತರಿಸಿ ಜೋಡಿಸಿ 2007ರಲ್ಲಿ ಯುರೋಪಿನ ತುಂಬ ಮೊಳಗಿಸಿದ್ದರು.

ಉಳಿದಿಬ್ಬರ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ. ಡೆಟ್ರಾಯಿಟ್‌ನ ಥಿಯೋ ಪ್ಯಾರಿಷ್ 1997ರಲ್ಲಿ ಸೌಂಡ್ ಸಿಗ್ನೇಚರ್ ಎಂಬ ತಮ್ಮದೇ ಲೇಬಲ್, ಅಂದರೆ ತಟ್ಟೆ ಹೊರತರುವ ಸಂಸ್ಥೆ, ಕಟ್ಟಿದವರು. ಅವರ ಸಂಗೀತದಲ್ಲಿ ಬೀಟ್ ಗಡಿಯಾರದಷ್ಟು ಕರಾರುವಾಕ್ಕಾಗಿ ಬೀಳುವುದಿಲ್ಲ. ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಬೀಳುತ್ತದೆ, ಅದರಿಂದ ಯಂತ್ರಕ್ಕೆ ಕೈ ಇದೆ ಎನಿಸುತ್ತದೆ. ದನಿಗಳನ್ನು ತಿಕ್ಕಿ ಹೊಳೆಯಿಸುವುದಿಲ್ಲ. ಟೇಪಿನ ಒರಟು, ಡ್ರಮ್ಮಿನ ಮಸುಕು ಹಾಗೇ ಇರಲಿ ಎನ್ನುತ್ತಾರೆ. ‘45:33’ಕ್ಕೆ ಅವರು ಮಾಡಿದ ಆವೃತ್ತಿಗೆ ‘ಸ್ಪೇಸ್ ಕೆಡೆಟ್’ ಎಂದು ಹೆಸರು. ಮರ್ಫಿಯ ಮೂಲದಲ್ಲಿ ಪ್ರತಿ ದನಿಯೂ ಒಪ್ಪ ಓರಣವಾಗಿ ತನ್ನ ಜಾಗದಲ್ಲಿ ಇರುತ್ತದೆ. ಅಂಥ ಕೃತಿಯನ್ನು ಪ್ಯಾರಿಷ್ ಕೈಗೆ ಕೊಟ್ಟದ್ದೇ ಆ ಆಲ್ಬಮ್‌ನ ಅತ್ಯಂತ ಧೈರ್ಯದ ತೀರ್ಮಾನ ಎಂದು ನನ್ನ ಎಣಿಕೆ.

ನಾರ್ವೆಯ ಪ್ರಿನ್ಸ್ ಥಾಮಸ್ ತಮ್ಮ ರೀಮಿಕ್ಸ್‌ಗಳನ್ನು ‘ಡಿಸ್ಕೊಮಿಕ್ಸ್’ ಎಂದೇ ಕರೆಯುತ್ತಾರೆ. ಓಸ್ಲೋದಲ್ಲಿ ಸಂಗೀತಗಾರ ಲಿಂಡ್‌ಸ್ಟ್ರಮ್ ಜೊತೆ ಸೇರಿ ಕಟ್ಟಿದ ಅವರ ಶೈಲಿಯಲ್ಲಿ ಅವಸರವೆಂಬುದೇ ಇಲ್ಲ. ಕಂಪ್ಯೂಟರ್‌ನ ಡ್ರಮ್ ತೆಗೆದು, ತಾವೇ ಬೇಸ್, ಡ್ರಮ್, ತಾಳವಾದ್ಯಗಳನ್ನು ನುಡಿಸಿ ಸೇರಿಸುವುದು ಅವರ ರೂಢಿ. ಒಂದು ಎಳೆ ಬಂದು ಸ್ವಲ್ಪ ಹೊತ್ತು ಇದ್ದು, ನಮಗೆ ಗೊತ್ತಾಗದಂತೆ ಎದ್ದು ಹೋಗಿರುತ್ತದೆ. ಎಂಟು ಮಂದಿಯಲ್ಲಿ ಮೂಲದ ನಿಧಾನಕ್ಕೆ ಹತ್ತಿರದ ಮನಸ್ಸು ಇವರದೇ. ಇಡೀ ದಾರಿಯನ್ನು ತೋರಿಸಲಾಗದಿದ್ದರೂ ದಾರಿ ಸಾಗುವ ರೀತಿಯನ್ನು ಹತ್ತು ಹೆಜ್ಜೆಯಲ್ಲಿ ಅನುಭವಕ್ಕೆ ತರಬಹುದು ಎಂಬ ನಂಬಿಕೆ ಆ ಮನಸ್ಸಿನದು.

ಈ ಆಲ್ಬಮ್‌ಗೆ ಇನ್ನೊಂದು ಉಪಯೋಗದ ಮುಖವೂ ಇದೆ. ಕ್ಲಬ್‌ನಲ್ಲಿ ಯಾವ ಡಿಜೆಯೂ ನಲವತ್ತಾರು ನಿಮಿಷ ಒಂದೇ ಕೃತಿಗೆ ಬಿಟ್ಟುಕೊಡಲಾರರು. ಅವರ ಕೆಲಸವೇ ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸುವುದು. ಅದಕ್ಕಾಗಿ ಹನ್ನೆರಡು ಇಂಚಿನ ತಟ್ಟೆಗಳ ಮೊದಲಲ್ಲೂ ಕೊನೆಯಲ್ಲೂ ಬರಿಯ ಬೀಟ್ ಇರುವ ಒಂದಿಷ್ಟು ಆವರ್ತಗಳನ್ನು ಬಿಟ್ಟಿರುತ್ತಾರೆ, ಹಿಡಿದುಕೊಳ್ಳಲು ಹಿಡಿಕೆ ಇದ್ದ ಹಾಗೆ. ‘45:33’ಕ್ಕೆ ಅಂಥ ಹಿಡಿಕೆಗಳಿರಲಿಲ್ಲ. ಹೆಡ್‌ಫೋನ್‌ನಲ್ಲಿ ಒಬ್ಬರೇ ಕೇಳುವ ಸಂಗೀತವಾಗಿದ್ದದ್ದು ರೀಮಿಕ್ಸ್‌ಗಳ ಮೂಲಕ ನೂರಾರು ಜನರ ನಡುವೆ ಮೊಳಗುವಂತಾಯಿತು.

ಕಳೆದುಕೊಂಡದ್ದನ್ನೂ ಹೇಳಬೇಕು. ಮೂಲದಲ್ಲಿ ಇಪ್ಪತ್ತು ನಿಮಿಷ ಕಾಯ್ದ ಮೇಲೆ ಬರುವ ಏರಿಗೆ ಒಂದು ತೂಕವಿದೆ. ಆ ತೂಕ ಬಂದದ್ದೇ ಕಾಯ್ದದ್ದರಿಂದ. ಆಲ್ಬಮ್‌ನಲ್ಲಿ ಎಂಟು ಆರಂಭಗಳು, ಎಂಟು ಮುಕ್ತಾಯಗಳು. ಉದ್ದನೆಯ ಆ ಒಂದೇ ಏರು ಇಲ್ಲ. ಒಂದೇ ಸಲಕ್ಕೆ ಮೊದಲಿಂದ ಕೊನೆಯವರೆಗೆ ಕೇಳಿದರೆ ದಣಿವಾಗುತ್ತದೆ. ಮೂಲವನ್ನು ಒಂದು ಸಂಜೆ ಪೂರ್ತಿ ಕೇಳಿ, ಮಾರನೆಯ ದಿನ ಒಂದೇ ಒಂದು ರೀಮಿಕ್ಸ್ ಹಾಕಿಕೊಳ್ಳಿ. ಕೇಳುತ್ತಾ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಇವರು ಯಾವುದನ್ನು ಬಿಟ್ಟಿದ್ದಾರೆ? ಬೇಸ್ ಉಳಿಸಿ ಮೇಲಿನದೆಲ್ಲ ಬಿಟ್ಟಿದ್ದರೆ ಕೃತಿಯ ಜೀವ ತಳದಲ್ಲಿದೆ ಎಂದು ಅವರು ನಂಬಿದ್ದಾರೆ. ದನಿಯ ಒಂದು ತುಣುಕಷ್ಟೇ ಉಳಿಸಿ ಬೀಟ್ ಪೂರ್ತಿ ಬದಲಿಸಿದ್ದರೆ ಅವರಿಗೆ ಕೇಳಿದ್ದು ಮನುಷ್ಯ. ಹೀಗೆ ಒಂದೆರಡು ಸಲ ಕೇಳಿದ ಮೇಲೆ ಮೂಲಕ್ಕೆ ಮರಳಿದರೆ, ಮೊದಲ ಸಲ ಕಿವಿಗೇ ಬೀಳದಿದ್ದ ಎಳೆಗಳು ಎದ್ದು ಕಾಣುತ್ತವೆ.

2011ರ ಏಪ್ರಿಲ್ 2ರಂದು ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದಾಯದ ಕಛೇರಿ ನಡೆಸಿತು. ಐದು ವರ್ಷದೊಳಗೆ ಅವರು ಮತ್ತೆ ಒಟ್ಟಾದರು, ಆದರೆ ಆ ರಾತ್ರಿ ಅದು ಕೊನೆಯದೆಂದೇ ಎಲ್ಲರೂ ನಂಬಿದ್ದರು. ಮೂರೂವರೆ ಗಂಟೆ ಮೀರಿದ ಆ ಕಛೇರಿಯ ನಡುಭಾಗವನ್ನು ‘45:33’ಕ್ಕೆ ಮೀಸಲಿಟ್ಟು, ರೆಜಿ ವಾಟ್ಸ್ ಅವರನ್ನೂ ವೇದಿಕೆಗೆ ಕರೆಸಿದ್ದರು. ಒಂದು, ಎರಡನೆಯ ಭಾಗಗಳು ಮುಗಿದ ಮೇಲೆ ಮೂರನೆಯದು ಬರಲಿಲ್ಲ. ಅದರ ಜಾಗದಲ್ಲಿ ‘ಸೌಂಡ್ ಆಫ್ ಸಿಲ್ವರ್’ ಆಲ್ಬಮ್‌ನ ಅದೇ ಹೆಸರಿನ ಹಾಡು ನುಡಿಸಿ ನೇರ ನಾಲ್ಕಕ್ಕೆ ಹೋದರು. ಬಿಟ್ಟ ಆ ಮೂರನೆಯ ಭಾಗ, ಮುಖ್ಯ ಕಛೇರಿಯೆಲ್ಲ ಮುಗಿದು ಜನ ಮತ್ತೆ ಕೂಗಿ ಕರೆದ ಮೇಲೆ, ತನ್ನ ಮಾತುಗಳೊಂದಿಗೆ ‘ಸಮ್‌ಒನ್ ಗ್ರೇಟ್’ ಆಗಿ ಬಂತು.